ಹೊಸ ಬೆಲ್ಟ್ ಹಾಕಿಸಿದ ಮೇಲೂ ಕಿರುಚಾಟ, ಟೆನ್ಷನರ್ ಹೋಗಿರಬಹುದಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 2009ರ ಡೀಸೆಲ್ ಕಾರು, 1,38,000 ಕಿ.ಮೀ. ಓಡಿದೆ. ಮನೆ ಸಕಲೇಶಪುರದ ಹತ್ತಿರ. ಈ ಮಳೆಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಿರ್ರೋ ಅಂತ ಕಿರುಚುತ್ತೆ, ಎರಡು ನಿಮಿಷಕ್ಕೆ ನಿಲ್ಲುತ್ತೆ, ಎ.ಸಿ. ಹಾಕಿದರೆ ಮತ್ತೆ ಶುರು. ಎರಡು ತಿಂಗಳ ಹಿಂದೆ ಫ್ಯಾನ್ ಬೆಲ್ಟ್ ಹೊಸದು ಹಾಕಿಸಿದೆ. ಹದಿನೈದು ದಿನ ಸುಮ್ಮನಿತ್ತು. ಈಗ ಬೆಲ್ಟಿನ ಒಂದು ಅಂಚು ನೂಲು ಬಿಟ್ಟುಕೊಂಡಿದೆ. ಗ್ಯಾರೇಜಿನಲ್ಲಿ ಇನ್ನೊಂದು ಬೆಲ್ಟ್ ಹಾಕೋಣ ಅಂತಿದ್ದಾರೆ. ಹಾಕಿಸಲಾ?

ಕೋಲಾರದವ:
ಬಟ್ಟೆ ಸೋಪು ಒಂದ್ಸಲ ಉಜ್ಜಿ ನೋಡಿ. ನಮ್ಮಪ್ಪ ಅಂಬಾಸಿಡರಿಗೆ ಅದನ್ನೇ ಮಾಡ್ತಿದ್ದರು.

ಹತ್ತರ ಸ್ಪಾನರ್:
ಅಂಬಾಸಿಡರಿನದು ವಿ ಬೆಲ್ಟ್ ಸ್ವಾಮಿ, ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಎಳೆದು ಬಿಗಿ ಮಾಡುತ್ತಿದ್ದ ಕಾಲ. ಇದು ಒಂದೇ ಚಪ್ಪಟೆ ಬೆಲ್ಟು, ಬಿಗಿ ಹಿಡಿಯುವುದು ಸ್ಪ್ರಿಂಗ್ ಇರುವ ಟೆನ್ಷನರ್. ಸೋಪು ಹಾಕಿದರೆ ಇನ್ನೂ ಜಾರುತ್ತೆ.

ಹಳೇಗಾಡಿಯವರೇ, ಇನ್ನೊಂದು ಬೆಲ್ಟಿಗೆ ದುಡ್ಡು ಹಾಕಬೇಡಿ. ಒಂದೇ ಅಂಚು ನೂಲು ಬಿಟ್ಟಿದೆ ಅಂದರೆ ಬೆಲ್ಟ್ ಓರೆಯಾಗಿ ಓಡುತ್ತಿದೆ. ಟೆನ್ಷನರ್ ತೋಳಿನ ಒಳಗಿನ ಬುಷ್ ಸವೆದರೆ ತೋಳು ವಾಲಿ, ತುದಿಯ ಪುಲ್ಲಿ ಸೊಟ್ಟ ನಿಲ್ಲುತ್ತೆ. ಹೊಸ ಬೆಲ್ಟನ್ನೂ ತಿನ್ನುತ್ತೆ. ಇಂಜಿನ್ ಓಡುವಾಗ ಬೆಲ್ಟಿನ ಗೆರೆಗೆರೆ ಮೈಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ (ಅಂಗಿ ತೋಳು, ಪಂಚೆ ತುದಿ ಹತ್ತಿರ ಬರಬಾರದು). ಸದ್ದು ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ಸದ್ದು ಜೋರಾದರೆ ಬಿಗಿ ಸಾಲದು. ಟೆನ್ಷನರ್ ತೋಳು ಅಲ್ಲಾಡುತ್ತಾ ಅಂತಲೂ ನೋಡಿ.

ಹಳೇಗಾಡಿ:
ನೀರು ಹಾಕಿದೆ, ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಯಿತು. ತೋಳು ಗಡಗಡ ನಡುಗುತ್ತಿದೆ. ಟೆನ್ಷನರ್ ಕೆಳಗೆ ಕುಂಕುಮದಂಥ ತುಕ್ಕಿನ ಪುಡಿ ಸುರಿದ ಗುರುತಿದೆ.

ಹತ್ತರ ಸ್ಪಾನರ್:
ಆ ಪುಡಿಯೇ ಸಾಕ್ಷಿ, ಒಳಗೆ ಕಬ್ಬಿಣ ಉಜ್ಜುತ್ತಿದೆ. ಟೆನ್ಷನರ್ ಇಡಿಯಾಗಿ ಬದಲಿಸಿ, ಬರೀ ಪುಲ್ಲಿ ಹಾಕಿ ಕೈ ತೊಳೆದುಕೊಳ್ಳಬೇಡಿ.

ಮೊದಲು ಬೆಲ್ಟ್ ಯಾವ ಪುಲ್ಲಿ ಸುತ್ತಿ ಹೋಗಿದೆ ಅಂತ ಫೋಟೋ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಉದ್ದನೆಯ ಬಾರ್ ಡೈನಮೋದ ದಪ್ಪ ವೈರಿಗೆ ತಾಗಿದರೆ ಕಿಡಿ ಹಾರುತ್ತೆ. ತೋಳಿನ ಚೌಕ ತೂತಿಗೋ ಆರು ಮೂಲೆಯ ತಲೆಗೋ ಬಾರ್ ಹಾಕಿ ತಿರುಗಿಸಿ, ಬೆಲ್ಟ್ ಸಡಿಲಾದಾಗ ಒಂದು ನಯವಾದ ಪುಲ್ಲಿಯಿಂದ ಜಾರಿಸಿ. ತೋಳನ್ನು ನಿಧಾನವಾಗಿಯೇ ವಾಪಸ್ ಬಿಡಿ, ಕೈಬಿಟ್ಟರೆ ಬೆರಳು ಹೋದೀತು. ಹೊಸದಕ್ಕೆ ಪಿನ್ ಹಾಕಿ ಕೊಟ್ಟಿದ್ದರೆ ಬೆಲ್ಟ್ ಕೂತ ಮೇಲಷ್ಟೇ ಕೀಳಿ. ಬೋಲ್ಟ್ ಬಿಗಿ ಮ್ಯಾನುಯಲ್‌ನಲ್ಲಿ ಇದ್ದಷ್ಟು.

ಮುಖ್ಯ ಮಾತು ಇನ್ನೊಂದಿದೆ. ಡೀಸೆಲ್ ಇಂಜಿನ್ ಒಂದೇ ಸಮನೆ ತಿರುಗೋದಿಲ್ಲ, ಪ್ರತಿ ಸಿಡಿತಕ್ಕೂ ಜಗ್ಗುತ್ತೆ. ಅದಕ್ಕೇ ಅನೇಕ ಡೀಸೆಲ್ ಗಾಡಿಗಳ ಡೈನಮೋಗೆ ಒಂದೇ ದಿಕ್ಕಿಗೆ ಹಿಡಿಯುವ ಪುಲ್ಲಿ ಹಾಕಿರುತ್ತಾರೆ, ಸೈಕಲ್ಲಿನ ಫ್ರೀವೀಲ್ ಥರ. ಅದು ಜಾಮ್ ಆದರೆ ಆ ಜಗ್ಗಾಟವೆಲ್ಲ ಟೆನ್ಷನರ್ ಮೇಲೆ ಬೀಳುತ್ತೆ. ಬೆಲ್ಟ್ ತೆಗೆದಾಗ ಡೈನಮೋ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆಗೆ ಒಳಗಿನ ಫ್ಯಾನೂ ಜೊತೆಗೆ ತಿರುಗಬೇಕು, ಇನ್ನೊಂದು ಕಡೆಗೆ ಪುಲ್ಲಿ ಮಾತ್ರ. ನಿಮ್ಮ ಗಾಡಿಗೆ ಮೊದಲಿಂದ ಗಟ್ಟಿ ಪುಲ್ಲಿಯೇ ಇದ್ದರೆ ಈ ಪರೀಕ್ಷೆ ಬಿಡಿ.

ಹಳೇಗಾಡಿ:
ಮುಗೀತು ಸಾರ್. ಗಾಡಿಗೆ ಬಂದಿದ್ದು ಫ್ರೀವೀಲ್ ಪುಲ್ಲಿಯೇ ಅಂತ ಪಾರ್ಟ್ ನಂಬರ್ ನೋಡಿ ಖಾತ್ರಿ ಮಾಡಿಕೊಂಡೆ. ಎರಡೂ ಕಡೆಗೆ ಫ್ಯಾನ್ ತಿರುಗಿತು, ಪೂರ್ತಿ ಜಾಮ್. ಅದನ್ನು ಬಿಚ್ಚಲು ಪುಲ್ಲಿಯ ಒಳಗಿನ ಹಲ್ಲಿಗೆ ಕೂರುವ ಬೇರೆಯೇ ಸಾಕೆಟ್ ಬೇಕಾಯಿತು, ಹಾಸನದ ಡೈನಮೋ ರಿಪೇರಿ ಅಂಗಡಿಗೆ ಹೋಗಿ ಬಿಚ್ಚಿಸಿದೆ. ಟೆನ್ಷನರ್, ಪುಲ್ಲಿ, ಬೆಲ್ಟ್ ಮೂರೂ ಹೊಸದು. ಫೋಟೋ ತೆಗೆದೂ ಬೆಲ್ಟನ್ನು ಒಮ್ಮೆ ತಪ್ಪು ಸುತ್ತಿ, ನಾಲ್ಕು ಬೆರಳು ಗಿಡ್ಡ ಬಂತು ಅಂತ ಅಂಗಡಿಯವನನ್ನು ಬೈದೆ. ನಿನ್ನೆ ಬೆಳಿಗ್ಗೆ ಸುರಿಯುವ ಮಳೆಯಲ್ಲೇ ಸ್ಟಾರ್ಟ್ ಮಾಡಿ ಎ.ಸಿ. ಹಾಕಿದೆ. ಸದ್ದಿಲ್ಲ, ತೋಳು ಕದಲುತ್ತಿಲ್ಲ.