ಸಹಾಯ ಬೇಕು: ಪೇಟೆ ನಡುವೆ ಮೂರು ಗಂಟೆ ಕಾರು ಎಲ್ಲಿ ನಿಲ್ಲಿಸಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಮ್ಮನನ್ನು ಕಣ್ಣಿನ ಪರೀಕ್ಷೆಗೆ ಪೇಟೆಯ ನಡುಭಾಗಕ್ಕೆ ಕರೆದುಕೊಂಡು ಹೋಗಬೇಕು. ಮೂರು ಗಂಟೆಯಾದರೂ ಹಿಡಿಯುತ್ತದೆ. ಅವರಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಇಲ್ಲದಿದ್ದರೆ ಬಸ್ಸಲ್ಲೇ ಹೋಗುತ್ತಿದ್ದೆ, ಈ ತಲೆನೋವೇ ಇರುತ್ತಿರಲಿಲ್ಲ.

ಕಳೆದ ಸಲ ಜಾಗ ಹುಡುಕುತ್ತಾ ಅದೇ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿದೆ. ಕೊನೆಗೂ ಸಿಕ್ಕಿತು. ಆದರೆ ಹಣ ಕಟ್ಟುವ ಯಂತ್ರ ನನ್ನ ಕಾರ್ಡ್ ತೆಗೆದುಕೊಳ್ಳಲಿಲ್ಲ, ಕೈಯಲ್ಲಿ ಚಿಲ್ಲರೆ ಇರಲಿಲ್ಲ. ಪಕ್ಕದಲ್ಲಿ ಕ್ಯೂಆರ್ ಕೋಡ್ ಇತ್ತು, ನೋಡಿದರೆ ಹಳೆಯದರ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ ಹಾಗಿತ್ತು. ಇಂಥ ನಕಲಿ ಕೋಡಿಗೆ ದುಡ್ಡು ಕಳೆದುಕೊಂಡವರಿದ್ದಾರೆ ಅಲ್ವಾ? ಹೆದರಿ ಸ್ಕ್ಯಾನ್ ಮಾಡಲಿಲ್ಲ. ಆ್ಯಪ್ ಹಾಕಿಕೊಂಡು, ಗಾಡಿ ನಂಬರ್ ತುಂಬಿ, ಓಟಿಪಿ ಬರುವಷ್ಟರಲ್ಲಿ ಅಮ್ಮ ಕಾರಲ್ಲೇ ನಿದ್ದೆ ಹೋಗಿದ್ದರು!

ರಸ್ತೆ ಬದಿಯಲ್ಲಿ ಎರಡು ಗಂಟೆ ಮಾತ್ರ ಎಂಬ ಬೋರ್ಡ್ ಇದೆ. ಹಾಗಾಗಿ ಈ ಸಲ ಬಹುಮಹಡಿ ಪಾರ್ಕಿಂಗ್‌ಗೆ ಹೋಗೋಣ ಅಂತಿದ್ದೇನೆ. ಅಲ್ಲಿ ಒಳಗೆ ಹೋಗುವಾಗ ಕೊಡುವ ಚೀಟಿಗೆ ಹಣ ಕಟ್ಟುವುದು ಕೆಳಗಿನ ಯಂತ್ರದಲ್ಲೋ, ಹೊರಗೆ ಬರುವ ಗೇಟಿನಲ್ಲೋ? ಕಟ್ಟಿದ ಮೇಲೆ ಹೊರಗೆ ಬರಲು ಎಷ್ಟು ನಿಮಿಷ ಬಿಡುತ್ತಾರೆ? ಅಮ್ಮನ ನಡಿಗೆ ತುಂಬಾ ನಿಧಾನ, ಲಿಫ್ಟಿಗೆ ಕಾಯುವುದು ಬೇರೆ. ಚೀಟಿ ಕಳೆದರೆ ಇಡೀ ದಿನದ ದುಡ್ಡು ಕೇಳುತ್ತಾರಂತೆ, ಫೋಟೋ ತೆಗೆದಿಟ್ಟುಕೊಂಡರೆ ಒಪ್ಪುತ್ತಾರಾ?

ಇನ್ನೊಂದು, ನನ್ನ ಕಾರಿನ ಮೇಲೆ ಲಗೇಜ್ ಕ್ಯಾರಿಯರ್ ಇದೆ. ಬಾಗಿಲಲ್ಲಿ ಎತ್ತರದ ಮಿತಿ ಹಾಕಿರುತ್ತಾರಲ್ಲ, ಸುಮ್ನೆ ಬಿಚ್ಚಿಟ್ಟು ಹೋಗುವುದೇ ಒಳ್ಳೆಯದಾ? ಮೊದಲೇ ಜಾಗ ಬುಕ್ ಮಾಡಿ ಹೋದವರು ಇದ್ದರೆ ದಯವಿಟ್ಟು ಹೇಳಿ.