ಸ್ಲೈಡಿಂಗ್ ಗೇಟ್ ಸಂಜೆ ಹೊತ್ತು ಮುಚ್ಚುತ್ತಿಲ್ಲ, ಮಳೆ ಬಂದರೆ ಅರ್ಧಕ್ಕೇ ವಾಪಸ್ (ಪರ್ವರಿ, ಗೋವಾ)

ಪರ್ವರಿ_ಮನೆ:
ಗೇಟ್ ತೆರವು 5.2 ಮೀಟರ್, ತೂಕ ಫ್ಯಾಬ್ರಿಕೇಟರ್ ಲೆಕ್ಕದಲ್ಲಿ ಸುಮಾರು 450 ಕೆಜಿ. 230 ವೋಲ್ಟ್ ಎಸಿ ಮೋಟರ್, 800 ಕೆಜಿ ದರ್ಜೆ. ನೈಲಾನ್ ರ್ಯಾಕ್ (ಗೇಟಿಗೆ ಕೂರಿಸಿದ ಹಲ್ಲುಪಟ್ಟಿ), ಮ್ಯಾಗ್ನೆಟ್ ಲಿಮಿಟ್ (ತುದಿ ಬಂತೆಂದು ಮೋಟರ್ ನಿಲ್ಲಿಸುವ ಅಯಸ್ಕಾಂತ), ಕೆಳಗೆ ಯು-ಚಾನೆಲ್ ಹಳಿ, ಒಂದು ಜೊತೆ ಫೋಟೋಸೆಲ್ (ಒಂದು ಕಡೆ ಕಿರಣ ಬಿಡುವ ಟ್ರಾನ್ಸ್‌ಮಿಟರ್, ಎದುರು ಅದನ್ನು ಹಿಡಿಯುವ ರಿಸೀವರ್; ಕಿರಣ ಕಡಿದರೆ ಗೇಟ್ ಮುಚ್ಚುವುದಿಲ್ಲ). ಚೌತಿಗೆ ಮುಂಚೆ ಕೂರಿಸಿದ್ದು. ಈಗ ಮೂರು ತೊಂದರೆ:

ಸಂಜೆ ಐದೂವರೆಯಿಂದ ಆರರ ಆಚೀಚೆವರೆಗೆ ಗೇಟ್ ತೆರೆಯುತ್ತದೆ, ಮುಚ್ಚುವುದಿಲ್ಲ. ರಿಮೋಟ್ ಒತ್ತಿದರೆ ಮೋಟರ್ ಮಿಸುಕುವುದೂ ಇಲ್ಲ. ಕತ್ತಲಾದ ಮೇಲೆ ಸರಿಹೋಗುತ್ತದೆ.

ಮಳೆ ಬಂದ ದಿನ ಮುಚ್ಚುವಾಗ ಕೊನೆಯ 40–50 ಸೆಂ.ಮೀ. ಇದ್ದಂತೆ ನಿಂತು ಹಿಂದಕ್ಕೆ ಹೋಗುತ್ತದೆ.

ರಿಮೋಟ್ 4–5 ಮೀಟರ್ ಒಳಗೆ ಮಾತ್ರ ಕೆಲಸ ಮಾಡುತ್ತದೆ.

ಕೂರಿಸಿದವರು ಫೋರ್ಸ್ ಟ್ರಿಮ್ಮರ್ (ಮೋಟರ್ ಬಲ ಹೊಂದಿಸುವ ತಿರುಪು) ಪೂರ್ತಿ ಏರಿಸಿದ್ದಾರೆ. ಈಗ ಮೋಟರ್ ನಡೆಸುವ ಕಂಟ್ರೋಲ್ ಬೋರ್ಡ್ ಬದಲಿಸಬೇಕು ಅನ್ನುತ್ತಿದ್ದಾರೆ. ಬಿಸಿಲು ಕಾರಣವೇ ಅಂತ ಕೇಳಿದ್ದಕ್ಕೆ, ಗೇಟ್ ಉತ್ತರಕ್ಕೆ ಮುಖ ಮಾಡಿದೆ, ಪಡುವಣ ಬಿಸಿಲು ಬೀಳುವ ಪ್ರಶ್ನೆಯೇ ಇಲ್ಲ ಎಂಬ ಉತ್ತರ ಬಂತು.

ರಿಲೇ_ರಾಯ:
ಬೋರ್ಡ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಮೊದಲ ಎರಡು ತೊಂದರೆ ಒಂದೇ ಕಾಯಿಲೆಯಲ್ಲ.

ಮುಚ್ಚುವ ಆಜ್ಞೆ ಕೊಟ್ಟಾಗ ಮೋಟರ್ ಅಲುಗದೇ ಇದ್ದರೆ ಬೋರ್ಡ್‌ನ ಇನ್‌ಪುಟ್ ತಡೆಯುತ್ತಿದೆ. ಹೊರಟು, ನಡುವೆ ನಿಂತು ಹಿಂದೆ ಬಂದರೆ ಒಂದೋ ಫೋಟೋಸೆಲ್ ಕಿರಣ ಕಡಿದಿದೆ, ಇಲ್ಲವೇ ಹೊರೆ ಹೆಚ್ಚಾಗಿದೆ. ತೆರೆಯುವಾಗ ಸಾಮಾನ್ಯವಾಗಿ ಬೋರ್ಡ್ ಫೋಟೋಸೆಲ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ತೆರೆಯುತ್ತೆ, ಮುಚ್ಚಲ್ಲ" ಅಂದ ತಕ್ಷಣ ನೋಡಬೇಕಾದ್ದು ಅಲ್ಲೇ.

ಪರೀಕ್ಷೆ ಹೀಗೆ. ಬೋರ್ಡ್‌ನ ಕಾಮನ್ ಮತ್ತು ಫೋಟೋ ಟರ್ಮಿನಲ್ ನಡುವೆ ಮಲ್ಟಿಮೀಟರ್ ಇಡಿ. ಕಿರಣ ಸರಿಯಿದ್ದರೆ ರಿಸೀವರ್‌ನ ಎನ್‌ಸಿ ಕಾಂಟ್ಯಾಕ್ಟ್ (ಅಡ್ಡಿ ಇಲ್ಲದಾಗ ಕೂಡಿಕೊಂಡಿರುವ ಸ್ವಿಚ್) ಮುಚ್ಚಿರುತ್ತದೆ, ಮೀಟರ್ ಸೊನ್ನೆ ಹತ್ತಿರ ತೋರಿಸುತ್ತದೆ. ಕೈ ಅಡ್ಡ ಹಿಡಿದರೆ ಬೋರ್ಡ್‌ನ ಇನ್‌ಪುಟ್ ವೋಲ್ಟೇಜ್, ಹೆಚ್ಚಿನವುಗಳಲ್ಲಿ 12 ಅಥವಾ 24, ಕಾಣಬೇಕು. ಸಂಜೆ ತೊಂದರೆಯ ಹೊತ್ತಿಗೆ ಯಾರೂ ಅಡ್ಡ ಇಲ್ಲದೆ ಆ ವೋಲ್ಟೇಜ್ ಬಂದರೆ ತಪ್ಪು ಫೋಟೋಸೆಲ್ ಕಡೆಯದು, ಬೋರ್ಡ್ ನಿರಪರಾಧಿ. ಆಗ ರಿಸೀವರ್ ಮುಂದೆ ರಟ್ಟು ಹಿಡಿದು ಸೂರ್ಯನನ್ನು ಮಾತ್ರ ಮರೆಮಾಡಿ, ಟ್ರಾನ್ಸ್‌ಮಿಟರ್ ಕಾಣುವ ಹಾಗೆ. ತಕ್ಷಣ ಸೊನ್ನೆಗೆ ಇಳಿದರೆ ಮುಗಿಯಿತು.

ಉತ್ತರಕ್ಕೆ ಮುಖ ಮಾಡಿದ ಗೇಟ್ ಅಂದರೆ ಕಿರಣ ಪೂರ್ವ-ಪಶ್ಚಿಮವಾಗಿ ಹೋಗುತ್ತದೆ. ನೋಡಬೇಕಾದ್ದು ಕಿರಣದ ದಿಕ್ಕು, ಗೇಟಿನ ಮುಖ ಅಲ್ಲ. ರಿಸೀವರ್ ಯಾವ ಕಡೆ ಇದೆ, ಅದರೆದುರು ಏನಿದೆ ಹೇಳಿ.

ಮಡಗಾಂವ್_ಮೋಟರ್:
ಎರಡನೇ ತೊಂದರಿಗೆ ನಾ ಹೇಳ್ತೀನ್ರಿ. ಯು-ಚಾನೆಲ್ ಹಳಿ, ಗೋವಾದ ಕೆಂಪು ಮಣ್ಣು, ಮಳಿ. ಇನ್ನೇನ್ ಬೇಕ್ರಿ.

ಮೊದಲ ಎಂಸಿಬಿ ಆಫ್ ಮಾಡ್ರಿ, ಕೀಲಿ ಹಾಕಿ ಮೋಟರ್ ರಿಲೀಸ್ ಮಾಡ್ರಿ. ಗೇಟಿಗೆ ಸ್ಪ್ರಿಂಗ್ ತಕ್ಕಡಿ ಸಿಗಿಸಿ ಮೆಲ್ಲಗ ಎಳೀರಿ. 450 ಕೆಜಿ ಗೇಟ್ ಒಳ್ಳೆ ಬೇರಿಂಗ್ ಚಕ್ರದ ಮ್ಯಾಲ 10 ಕೆಜಿ ಆಸುಪಾಸಿನ ಎಳೆತಕ್ಕ ಸರಿದಾಡಬೇಕು. ಪೂರ್ತಿ ಉದ್ದಕ್ಕೂ ನೋಡ್ರಿ, ಅದರಾಗೂ ಕಡೇ ಅರ್ಧ ಮೀಟರ್. ಅಲ್ಲೇ 20 ದಾಟಿತಂದ್ರ ಹಳಿಯೊಳಗ ಕೆಸರು, ಜಲ್ಲಿ ಕುಂತೈತಿ. ಸ್ಲೋಡೌನ್ (ತುದಿ ಹತ್ರ ಮೋಟರ್ ನಿಧಾನ ಆಗೋ) ಜಾಗಾನೂ ಅದ. ಎಸಿ ಮೋಟರ್ ಸ್ಲೋಡೌನ್‌ನ್ಯಾಗ ವೇಗದ ಜೋಡಿ ಟಾರ್ಕೂ (ತಿರುಗಿಸೋ ಬಲ) ಇಳೀತೈತಿ. ಬ್ಯಾರೆ ಕಡೆ ದಾಟಿಕೊಂಡು ಹೋಗೋ ಹರಳು ಅಲ್ಲಿ ಗೋಡಿ ಆಗ್ತೈತಿ. ಫೋರ್ಸ್ ಟ್ರಿಮ್ಮರ್ ಏರಿಸಿದ್ರ ಎಷ್ಟೋ ಬೋರ್ಡಿನ್ಯಾಗ ಸ್ಲೋಡೌನ್ ಭಾಗಕ್ಕ ಅದು ತಾಗಂಗಿಲ್ಲ, ಆದ್ರ ನಡುವಿನ ಓಟದಾಗ ಯಾರಿಗಾದ್ರೂ ಬಡಿದ್ರ ಮೂಳಿ ಮುರೀತೈತಿ. ಮೊದಲ ಅದನ್ನ ಇಳಸ್ರಿ.

ರ್ಯಾಕೂ ನೋಡ್ರಿ. ಪಿನಿಯನ್ (ಮೋಟರಿನ ಹಲ್ಲುಚಕ್ರ) ಹಲ್ಲಿಗೂ ರ್ಯಾಕಿಗೂ 1–2 ಮಿ.ಮೀ. ಸಂದು ಎಲ್ಲಾ ಕಡೆ ಇರಬೇಕು. ಗೇಟಿನ ಭಾರ ಪಿನಿಯನ್ ಮ್ಯಾಲ ಕುಂತ್ರ ಗೇರ್‌ಬಾಕ್ಸ್ ಬೇರಿಂಗ್ ಹೋದಂಗ. ತುಂಡು ಕೂಡಿಸಿದ ಕಡೆ ಟಕ್ ಅಂದ್ರ ಪಿಚ್ (ಹಲ್ಲಿಂದ ಹಲ್ಲಿಗೆ ಇರೋ ಅಂತರ) ತಪ್ಪೈತಿ. ಮಾಡ್ಯೂಲ್ 4 (ಹಲ್ಲಿನ ಅಳತೆ) ರ್ಯಾಕಿನ ಪಿಚ್ 12.57 ಮಿ.ಮೀ. ಇನ್ನೊಂದು ತುಂಡು ರ್ಯಾಕ್ ಉಲ್ಟಾ ಮಾಡಿ ಜೋಡಣೆ ಮ್ಯಾಲ ಕಚ್ಚಿಸಿ ಹಿಡಕೊಂಡು ಬೋಲ್ಟ್ ಬಿಗಿ ಮಾಡ್ರಿ, ತಾನ ಸರಿ ಕುಂದರತೈತಿ.

ಪರ್ವರಿ_ಮನೆ:
ಮೀಟರ್ ಇಟ್ಟೆ. ಮಧ್ಯಾಹ್ನ 0, ಸಂಜೆ 5:40ಕ್ಕೆ 24 ವೋಲ್ಟ್. ರಟ್ಟು ಹಿಡಿದ ಕೂಡಲೇ 0. ರಿಸೀವರ್ ಪೂರ್ವದ ಚಿರೆಕಲ್ಲಿನ ಪಿಲ್ಲರ್ ಮೇಲಿದೆ, ಪಶ್ಚಿಮಕ್ಕೆ ನೋಡುತ್ತದೆ. ಟ್ರಾನ್ಸ್‌ಮಿಟರ್ ಪಶ್ಚಿಮದಲ್ಲಿ 60 ಸೆಂ.ಮೀ. ಎತ್ತರದ ಕಬ್ಬಿಣದ ಪೋಸ್ಟ್ ಮೇಲೆ, ಅದರ ಹಿಂದೆ ಬಯಲು. ಪೂರ್ವದ ಪಿಲ್ಲರ್ ಹಿಂದೆ ಪಕ್ಕದವರ ಎರಡಂತಸ್ತಿನ ಮನೆ.

ತಕ್ಕಡಿ: ನಡುವೆ 9–11 ಕೆಜಿ, ಕೊನೆಯಲ್ಲಿ 24. ಹಳಿ ಕೊನೆಯಲ್ಲಿ ನೀರು ಹೋಗಲು ದಾರಿಯೇ ಇಲ್ಲ.

ರಿಲೇ_ರಾಯ:
ಹಾಗಾದರೆ ಅನುಮಾನವೇ ಬೇಡ. ಸೆಪ್ಟೆಂಬರ್ 22–23ರ ಸುಮಾರಿಗೆ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಗೋವಾದ ಅಕ್ಷಾಂಶದಲ್ಲಿ ಜೂನ್‌ನಲ್ಲಿ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ನಿಮ್ಮ ರಿಸೀವರ್ ಈಗ ಸೂರ್ಯನನ್ನೇ ದಿಟ್ಟಿಸುತ್ತಿದೆ. ನವೆಂಬರ್‌ನಲ್ಲಿ ತೊಂದರೆ ತಾನಾಗಿ ಮಾಯವಾಗಿ ಮಾರ್ಚ್‌ನಲ್ಲಿ ಮತ್ತೆ ಬರುತ್ತದೆ. ಈ ನಡುವೆ ಬೋರ್ಡ್ ಬದಲಿಸಿದವರು ಕೆಲವು ತಿಂಗಳು ಹೆಸರು ಮಾಡಿಕೊಳ್ಳುತ್ತಾರೆ.

ಪರಿಹಾರ: ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಅದಲು ಬದಲು ಮಾಡಿ. ರಿಸೀವರ್ ಪೋಸ್ಟ್ ಮೇಲೆ ಬಂದು ಪೂರ್ವಕ್ಕೆ ನೋಡಲಿ. ಬೆಳಗಿನ ಸೂರ್ಯನನ್ನು ಪಿಲ್ಲರ್ ಮತ್ತು ಪಕ್ಕದ ಮನೆ ತಡೆಯುತ್ತವೆ.

ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಪೋಸ್ಟ್‌ಗೆ ಹೋಗಿರುವ ಕೇಬಲ್ ಎಣಿಸಿ. ಟ್ರಾನ್ಸ್‌ಮಿಟರ್‌ಗೆ ಸಪ್ಲೈ ಮಾತ್ರ, 2 ತಂತಿ ಸಾಕು. ರಿಸೀವರ್‌ಗೆ ಸಪ್ಲೈ 2, ಕಾಂಟ್ಯಾಕ್ಟ್ 2, ಒಟ್ಟು 4 ಬೇಕು. ಎಳೆದಿರುವುದು 2 ಕೋರ್ ಆಗಿದ್ದರೆ ಹಳೆಯ ಕೇಬಲನ್ನೇ ಎಳೆದಾರವಾಗಿ ಬಳಸಿ ಅದೇ ಪೈಪ್‌ನಲ್ಲಿ 4 ಕೋರ್ 0.5 ಚದರ ಮಿ.ಮೀ. ತೂರಿಸಿ. 230 ವೋಲ್ಟ್ ತಂತಿ ಇರುವ ಪೈಪ್‌ನಲ್ಲಿ ಮಾತ್ರ ಬೇಡ.

ಕೇಬಲ್ ಬರಲೇ ಇಲ್ಲವೆಂದರೆ ಟ್ರಾನ್ಸ್‌ಮಿಟರ್ ಹಿಂದೆ ಸುಮಾರು 90 ಸೆಂ.ಮೀ. ಅಗಲ, ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬರುವ ಹಲಗೆ ನಿಲ್ಲಿಸಬಹುದು. 5.2 ಮೀಟರ್ ದೂರದಿಂದ ಅದು ಎಡಬಲಕ್ಕೆ 5 ಡಿಗ್ರಿ, ಮೇಲಕ್ಕೆ 10 ಡಿಗ್ರಿ ಮರೆ ಕೊಡುತ್ತದೆ. ನೋಡಲು ಚೆಂದವಿಲ್ಲ. ರಿಸೀವರ್ ಮುಂದೆ ಕಪ್ಪು ಪೈಪ್ ತುಂಡು ಸಿಗಿಸುವ ಉಪಾಯ ಓರೆ ಬಿಸಿಲಿಗೆ ಸರಿ, ಸೂರ್ಯ ಎದುರಿಗೇ ಇದ್ದಾಗ ಪ್ರಯೋಜನವಿಲ್ಲ.

ಫೋಟೋ ಟರ್ಮಿನಲ್‌ಗೆ ಜಂಪರ್ (ಟರ್ಮಿನಲ್‌ಗಳನ್ನು ನೇರ ಕೂಡಿಸುವ ತಂತಿ ತುಂಡು) ಹಾಕಿ ಗೇಟ್ ಓಡಿಸಲು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪರೀಕ್ಷೆಗೆ ಹಾಕಿದ ಜಂಪರ್ ಅಲ್ಲೇ ಮರೆತುಹೋಗುತ್ತದೆ.

ಫೋಂಡಾ_ಆಂಟೆನಾ:
ರಿಮೋಟ್ ವಿಚಾರ. 433.92 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಆಂಟೆನಾ ತಂತಿ ಸುಮಾರು 17 ಸೆಂ.ಮೀ. ಮೋಟರ್ ಮುಚ್ಚಳ ಹಾಕುವಾಗ ಅದನ್ನು ಸುರುಳಿ ಸುತ್ತಿ ಟ್ರಾನ್ಸ್‌ಫಾರ್ಮರ್ ಪಕ್ಕ ತುರುಕುವುದು ಮಾಮೂಲಿ. ನೇರ ಬಿಡಿಸಿ, 230 ವೋಲ್ಟ್ ತಂತಿಯಿಂದ ದೂರ ಇಡಿ, ಉದ್ದ ಮಾಡಲು ಹೋಗಬೇಡಿ. ಆಗಲೂ ದೂರ ಸಿಗದಿದ್ದರೆ ಗೇಟ್ ದೀಪದ ಎಲ್ಇಡಿ ಡ್ರೈವರ್, ಕ್ಯಾಮೆರಾ ಅಡಾಪ್ಟರ್ ಒಂದೊಂದಾಗಿ ಬಿಚ್ಚಿ ನೋಡಿ. ಅಗ್ಗದ ಡ್ರೈವರ್ ಗದ್ದಲದಲ್ಲಿ ರಿಮೋಟ್‌ನ ರೇಡಿಯೋ ರಿಸೀವರ್ ಕಿವುಡಾಗುತ್ತದೆ. ಹೊರಗಿನ ಆಂಟೆನಾ ಬೇಕೆಂದರೆ ಆರ್‌ಜಿ58 ಕೇಬಲ್.

ಪರ್ವರಿ_ಮನೆ:
ಆಂಟೆನಾ ನಿಜಕ್ಕೂ ಸುರುಳಿ ಸುತ್ತಿತ್ತು. ಬಿಡಿಸಿದ ಮೇಲೆ ರಸ್ತೆ ತಿರುವಿನಿಂದಲೇ ತೆರೆಯುತ್ತಿದೆ. ಪೋಸ್ಟ್‌ಗೆ ಇದ್ದದ್ದು 2 ಕೋರ್, 4 ಕೋರ್ ಎಳೆದು ಅದಲು ಬದಲು ಮಾಡಿಸಿದೆ. ಹಳಿ ಗುಡಿಸಿದ್ದಾಗಿದೆ. ಮತ್ತೆ ಪ್ರೋಗ್ರಾಮ್ ಮಾಡಬೇಕೇ? ಯಾವ ಕ್ರಮದಲ್ಲಿ?

ಮಡಗಾಂವ್_ಮೋಟರ್:
ಗುಡಿಸಿದ್ರ ಒಂದು ಮಳಿಗೆ ಸಾಕ್ರಿ. ಹಳಿಯ ಕಡೇ ತುದಿಗೆ ತಳದಾಗ 20 ಮಿ.ಮೀ. ತೂತು ಹೊಡದು ಕೆಳಗ ಜಲ್ಲಿ ಗುಂಡಿಗಿ ಇಲ್ಲಾ ಪೈಪಿಗೆ ಬಿಡ್ರಿ. ಹಳಿ ಬದಲಿಸೋ ಯೋಗ ಬಂದ್ರ ಉಲ್ಟಾ ಆಂಗಲ್ ಹಾಕ್ರಿ, ಮಣ್ಣು ಕುಂದರಾಕ ಜಾಗಾನ ಇರಂಗಿಲ್ಲ. ಚಕ್ರನೂ ವಿ-ಗ್ರೂವ್ ಬೇಕಾಗ್ತಾವು.

ರಿಲೇ_ರಾಯ:
ಮತ್ತೆ ಕಲಿಸಲೇಬೇಕು. ಹೊರೆ ಕಲಿಯುವ ಬೋರ್ಡ್ ಆಗಿದ್ದರೆ ಕೆಸರಿನ ಹೊರೆಯನ್ನೇ ಸಹಜವೆಂದು ನೆನಪಿಟ್ಟುಕೊಂಡಿರುತ್ತದೆ.

ಎರಡೂ ತುದಿಯ ಮೆಕ್ಯಾನಿಕಲ್ ಸ್ಟಾಪರ್ ಗಟ್ಟಿ ಇವೆಯೇ ಮೊದಲು ನೋಡಿ. ಅವಿಲ್ಲದ ಗೇಟಿಗೆ ಕರೆಂಟ್ ಕೊಡಬಾರದು. ಲಿಮಿಟ್ ಮ್ಯಾಗ್ನೆಟ್ ಜಾಗ ಎಷ್ಟಿರಬೇಕೆಂದರೆ ಗೇಟ್ ಸ್ಟಾಪರ್‌ಗಿಂತ 3–5 ಸೆಂ.ಮೀ. ಮುಂಚೆ ನಿಲ್ಲಬೇಕು. ಗೇಟನ್ನು ಕೈಯಲ್ಲಿ ನಡುವಿಗೆ ತಂದು ಕ್ಲಚ್ ಹಾಕಿ (ರಿಲೀಸ್ ಮಾಡಿದ ಮೋಟರನ್ನು ಮತ್ತೆ ಗೇಟಿಗೆ ಕೂಡಿಸಿ), ಆಮೇಲೆ ಕರೆಂಟ್. ಹೆಚ್ಚಿನ ಬೋರ್ಡ್‌ಗಳಲ್ಲಿ ಮೊದಲ ಚಲನೆ ತೆರೆಯುವುದು. ಮುಚ್ಚುವ ಕಡೆ ಹೊರಟರೆ ತಕ್ಷಣ ನಿಲ್ಲಿಸಿ. ದಿಕ್ಕು ಬದಲಿಸುವ ಡಿಪ್ ಸ್ವಿಚ್ (ಬೋರ್ಡ್ ಮೇಲಿನ ಪುಟ್ಟ ಸ್ವಿಚ್) ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೋಟರ್‌ನ ಕಾಮನ್ ಬಿಟ್ಟು ಉಳಿದೆರಡು ತಂತಿ ಅದಲು ಬದಲು ಮಾಡಿ, ಜೊತೆಗೇ ಲಿಮಿಟ್‌ನ ಎರಡು ತಂತಿಗಳನ್ನೂ. ಮೋಟರ್ ಮಾತ್ರ ಬದಲಿಸಿ ಲಿಮಿಟ್ ಮರೆತರೆ ಗೇಟ್ ಲಿಮಿಟ್ ದಾಟಿ ಸ್ಟಾಪರ್‌ಗೆ ಗುದ್ದುತ್ತದೆ.

ದಿಕ್ಕು ಖಚಿತವಾದ ಮೇಲೆ ಫೋರ್ಸ್ ಅತಿ ಕಡಿಮೆಗೆ ಇಳಿಸಿ, ನಡೆಯುವಷ್ಟು ಮಾತ್ರ ಏರಿಸಿ, ಇನ್ನೊಂದು ಗೆರೆ ಸೇರಿಸಿ. ಆಮೇಲೆ ಕೈಪಿಡಿ ಪ್ರಕಾರ ಲರ್ನಿಂಗ್, ಒಣ ಹಳಿಯ ಮೇಲೆ. ಯುರೋಪಿನ ಇಎನ್ 12453 ಮಾನದಂಡದಲ್ಲಿ ಮುಚ್ಚುವ ಅಂಚು 50 ಸೆಂ.ಮೀ. ಒಳಗಿನ ಸಂದಿನಲ್ಲಿ 400 ನ್ಯೂಟನ್ ಮೀರಬಾರದು, 0.75 ಸೆಕೆಂಡಿನೊಳಗೆ 150ಕ್ಕೆ ಇಳಿಯಬೇಕು. ಅಳೆಯುವ ಉಪಕರಣ ಇಲ್ಲದಿದ್ದರೂ ಗಟ್ಟಿ ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು ನೋಡಿ. ಪೆಟ್ಟಿಗೆ ಅಪ್ಪಚ್ಚಿಯಾದರೆ ಫೋರ್ಸ್ ಹೆಚ್ಚಾಯಿತು. ನಿಮ್ಮ ಕಾಲನ್ನು ಪರೀಕ್ಷೆಗೆ ಒಡ್ಡಬೇಡಿ.

ಆಟೋ ಕ್ಲೋಸ್ ಕೊನೆಗೆ, 20–30 ಸೆಕೆಂಡ್. ಅದನ್ನು ಆನ್ ಮಾಡುವ ಮುಂಚೆ ಮುಚ್ಚುತ್ತಿರುವ ಗೇಟಿನ ಕಿರಣವನ್ನು ಮೂರು ಜಾಗದಲ್ಲಿ ಕಡಿದು ನೋಡಿ: ಹೊರಟ ಕೂಡಲೇ, ನಡುವೆ, ಸ್ಲೋಡೌನ್‌ನಲ್ಲಿ. ಮೂರರಲ್ಲೂ ಹಿಂದಕ್ಕೆ ಬರಬೇಕು.

ಪರ್ವರಿ_ಮನೆ:
ಫೋರ್ಸ್ ಈಗ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಲ್ಲೇ ಸಾಕಾಗುತ್ತಿದೆ. ಸಂಜೆ 5:45ಕ್ಕೂ ಮುಚ್ಚಿತು. ಕೊನೆಯದೊಂದು: ಕರೆಂಟ್ ಹೋಗಿ ಬಂದ ಮೇಲೆ ಮೊದಲ ಸಲ ತುಂಬಾ ನಿಧಾನ ಹೋಗುತ್ತದೆ.

ರಿಲೇ_ರಾಯ:
ಅದು ದೋಷವಲ್ಲ. ತಾನೆಲ್ಲಿದ್ದೇನೆ ಎಂಬುದು ಬೋರ್ಡ್‌ಗೆ ಮರೆತಿರುತ್ತದೆ, ಲಿಮಿಟ್ ಸಿಗುವವರೆಗೆ ನಿಧಾನವಾಗಿ ಹುಡುಕುತ್ತದೆ. ಮನೆಯ ಇನ್ವರ್ಟರ್‌ಗೆ ಜೋಡಿಸುವ ಯೋಚನೆ ಇದ್ದರೆ ಪ್ಯೂರ್ ಸೈನ್ ವೇವ್ ಮಾತ್ರ. ಸ್ಕ್ವೇರ್ ವೇವ್‌ನಲ್ಲಿ ಕೆಪಾಸಿಟರ್ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗಿ ಥರ್ಮಲ್ ಕಟ್‌ಗೆ ಹೋಗುತ್ತದೆ. ಮತ್ತೆ ಬೋರ್ಡ್ ಕೆಟ್ಟಿದೆ ಅಂತ ಯಾರೋ ಹೇಳುತ್ತಾರೆ.