ಪದಚರ್ಚೆ: ಆಟದ ‘ಲೈಫ್’ಗೆ ‘ಜೀವ’ ಎನ್ನಬಹುದೇ?

ಮಿತ್ರರೇ,

ನನ್ನ ತಮ್ಮನ ಮಗಳು ಬ್ರೌಸರಿನಲ್ಲಿ ಆಡುವ ಪುಟ್ಟ ಆಟವೊಂದನ್ನು ಮಾಡಿದ್ದಾಳೆ. ಲ್ಯಾಪ್‌ಟಾಪಿನ ಕ್ಯಾಮೆರಾ ಆಡುವವರ ಮುಖವನ್ನೇ ನೋಡುತ್ತಿರುತ್ತದೆ. ಹುಬ್ಬು ಮೇಲೆ ಹೋದಾಗಲೆಲ್ಲ ಪರದೆಯ ಮೇಲಿನ ಅಳಿಲು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತದೆ. ಅದಕ್ಕೆ ಕನ್ನಡದ ಸಾಲುಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಟ ಶುರು ಮಾಡುವ ಸೂಚನೆಗೆ ‘ಹುಬ್ಬೇರಿಸಿ’ ಎಂದು ಬರೆದೆ. ಅಂಕವಿಲ್ಲದೆ ಕೈ ಪಳಗಿಸಿಕೊಳ್ಳುವವರಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು ಸಿದ್ಧವಾಗಿಯೇ ಇತ್ತು (ಕೈ ಎನ್ನುವುದಕ್ಕಿಂತ ಹುಬ್ಬು ಪಳಗಿಸಿಕೊಳ್ಳುವವರಿಗೆ ಎನ್ನಬೇಕೇನೋ). ‘ಗೇಮ್ ಓವರ್’ಗೆ ‘ಆಟ ಮುಗಿಯಿತು’ ಸಾಕು. ತೊಡಕಿರುವುದು ‘ಲೈಫ್’ನಲ್ಲಿ, ಅಂದರೆ ಆಟದಲ್ಲಿ ಒಮ್ಮೆ ತಪ್ಪಿದರೂ ಮತ್ತೆ ಆಡಲು ಸಿಗುವ ಅವಕಾಶದ ಹೆಸರಿನಲ್ಲಿ.

ಮೊದಲು ‘ಜೀವ’ ಎಂದೇ ಹಾಕಿದ್ದೆವು. ಮೊನ್ನೆ ಬಸವನಗುಡಿಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹುಡುಗಿ, ‘ಒಂದು ಜೀವ ಹೋಯಿತು, ಇನ್ನು ಎರಡೇ’ ಎಂದು ಗಟ್ಟಿಯಾಗಿ ಓದಿದಳು. ದೇವರ ಮನೆಯಿಂದ ನನ್ನ ತಾಯಿ ‘ಬಿಡ್ತು ಅನ್ನು!’ ಎಂದರು. ಬೆಚ್ಚಿದವಳ ಹುಬ್ಬು ಮೇಲೇರಿತು. ಅಳಿಲು ಹೊತ್ತಲ್ಲದ ಹೊತ್ತಿನಲ್ಲಿ ನೆಗೆದು ಇನ್ನೊಂದು ಜೀವವನ್ನೂ ಕಳೆದುಕೊಂಡಿತು.

ಇಂಗ್ಲಿಷಿನ ಪದಕ್ಕೂ ಸಾವು ಬದುಕಿಗೂ ಅಷ್ಟೇನೂ ನಂಟಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ನಾಣ್ಯ ಹಾಕಿ ಆಡುವ ಯಂತ್ರಗಳಾಗಿದ್ದವು. ಹಾಕಿದ ಕಾಸಿಗೆ ಸಾಮಾನ್ಯವಾಗಿ ಮೂರು ಅವಕಾಶ. ಆ ಲೆಕ್ಕದಲ್ಲಿ ‘ಸರದಿ’ ಎಂದರೆ ಸಾಕಿತ್ತು. ಆದರೆ 2012ರಲ್ಲಿ ಬಂದ ಕ್ಯಾಂಡಿ ಕ್ರಶ್‌ನಲ್ಲಿ ಲೈಫ್ ಐದು. ಖಾಲಿಯಾದರೆ ಅರ್ಧ ಗಂಟೆಗೆ ಒಂದರಂತೆ ತಾನಾಗಿ ತುಂಬಿಕೊಳ್ಳುತ್ತವೆ. ಸರದಿ ಬರುತ್ತದೆ, ತಪ್ಪುತ್ತದೆ, ತುಂಬಿಕೊಳ್ಳುವುದಿಲ್ಲ. ನಮ್ಮ ಅಳಿಲಿಗೂ ಹುಡುಗಿ ಅದೇ ಏರ್ಪಾಡನ್ನು ಮಾಡಿದ್ದಾಳೆ.

ಖರ್ಚಾಗಿ ಮತ್ತೆ ತುಂಬಿಕೊಳ್ಳುವುದು ಎಂದಾಗ ನೆನಪಾದದ್ದು ಕಬಡ್ಡಿಯ ‘ದಮ್ಮು’. ಅರ್ಥ ಚೆನ್ನಾಗಿ ಹೊಂದುತ್ತದೆ. ಆದರೆ ಬೀಡಿಯ ವಾಸನೆ ಬಿಡದು, ‘ದಮ್ಮಿದ್ದರೆ ಬಾ’ ಎಂಬ ಜಗಳದ ದನಿಯೂ ಇದೆ. ಅಳಿಲಿನ ಬಾಯಿಗೆ ಅದು ದೊಡ್ಡ ಮಾತು. ‘ಉಸಿರು’ ಮೃದು. ‘ಉಸಿರು ಮುಗಿಯಿತು, ಸುಧಾರಿಸಿಕೊಳ್ಳಿ’ ಎಂದು ಬರೆದು ನೋಡಿದೆ. ಎರಡನೆಯ ಭಾಗ ನನಗೆ ಬಹಳ ಹಿಡಿಸಿತು, ಮೊದಲನೆಯದು ಮತ್ತೆ ‘ಬಿಡ್ತು ಅನ್ನು’ ಹತ್ತಿರಕ್ಕೇ ಬಂದು ನಿಂತಿತು.

ಹಾಗೆಂದು ‘ಜೀವ’ ನಮ್ಮ ಆಟಗಳಿಗೆ ಹೊರಗಿನದು ಎಂದು ವಾದಿಸುವಂತೆಯೂ ಇಲ್ಲ. ಔಟಾದವನು, ಎದುರು ತಂಡದವನೊಬ್ಬ ಔಟಾದಾಗ ಅಂಕಣಕ್ಕೆ ಮರಳುವ ಕಬಡ್ಡಿಗೆ ‘ಸಂಜೀವನಿ’ ಎಂದೇ ಹೆಸರಿದೆಯಲ್ಲ!

ತಾಯಿಯ ಸಲಹೆ ಬೇರೆ: ‘ಕಾಯಿ ಅನ್ನಿ.’ ಅವರು ಚೌಕಾಬಾರ ಆಡಿ ಬೆಳೆದವರು. ಅಲ್ಲಿ ಕಡಿಸಿಕೊಂಡ ಕಾಯಿ ಸಾಯುವುದಿಲ್ಲ. ಹೊರಟ ಮನೆಗೇ ಹಿಂದಿರುಗಿ ಮತ್ತೆ ಹೊರಡುತ್ತದೆ, ನಡುಮನೆ ಸೇರಿದರೆ ಹಣ್ಣಾಗುತ್ತದೆ. ‘ಇನ್ನು ಎರಡು ಕಾಯಿ ಉಳಿದಿವೆ’ ಎಂದು ಓದಿದರೆ ಯಾರೂ ಬೆಚ್ಚುವುದಿಲ್ಲ. ಆಟದ ಒಂದು ಹಂತ ದಾಟಿದಾಗ ‘ಹಣ್ಣಾಯಿತು’ ಎಂದು ಬರೆಯುವ ಆಸೆಯೂ ನನಗಿದೆ. ಆದರೆ ಚೌಕಾಬಾರದ ಮಣೆಯನ್ನೇ ಕಾಣದ ಹುಡುಗರಿಗೆ ‘ಕಾಯಿ’ ಎಂದರೆ ಅಳಿಲು ತಿನ್ನುವ ಕಾಯಿಯೇ ಆಗುವುದಲ್ಲವೇ? ತಮ್ಮನ ಮಗಳೂ ಹಾಗೆಯೇ ತಿಳಿದು, ‘ಅದನ್ನು ತಿಂದರೆ ಅಂಕ ಜಾಸ್ತಿಯಾಗಬೇಕಾ, ದೊಡ್ಡಪ್ಪ?’ ಎಂದು ಕೇಳಿದಳು.

ಚಿಕ್ಕವರಿದ್ದಾಗ ನಿಮ್ಮ ಕಡೆ ಔಟಾದವನಿಗೆ ಮತ್ತೊಂದು ಅವಕಾಶ ಕೊಡುವಾಗ ಏನನ್ನುತ್ತಿದ್ದಿರಿ? ಬೀದಿಯಲ್ಲಿ ಕೂಗುತ್ತಿದ್ದ ಮಾತಾದರೆ ಇನ್ನೂ ಒಳ್ಳೆಯದು. ಎರಡು ಮೂರು ಅಕ್ಷರಕ್ಕಿಂತ ಉದ್ದವಾಗದಿರಲಿ, ಜಾಗ ಕಡಿಮೆ. ಸದ್ಯಕ್ಕೆ ಪದವನ್ನೇ ತೆಗೆದು ಪರದೆಯ ಮೂಲೆಯಲ್ಲಿ ಮೂರು ಹುಣಸೆಬೀಜಗಳ ಚಿತ್ರ ಹಾಕಿದ್ದೇವೆ.